ಸಾಮಾನುಗಾಡಿಯ ಕಡೆಯ ಡಬ್ಬಿ

೧

ರೈಲುಗಾಡಿ ಎಂದೊಡನೆ ಜನರ ಕಣ್ಣು ಮೊದಲು ಹೋಗುವುದು ಎಂಜಿನ್ನಿನ ಕಡೆಗೆ. ಉಗಿಯಂತ್ರದ ಕಾಲದಲ್ಲಿ ನೆಲವನ್ನು ನಡುಗಿಸುತ್ತ ಬರುತ್ತಿದ್ದ ಆ ಕಬ್ಬಿಣದ ಆನೆಯನ್ನು ನೋಡುವುದಕ್ಕೆಂದೇ ಹಳ್ಳಿಯವರು ಹಳಿಯ ಬಳಿ ಬಂದು ನಿಲ್ಲುತ್ತಿದ್ದರು. ಗಾಡಿಯ ಇನ್ನೊಂದು ತುದಿಗೆ ಈ ಬಗೆಯ ಗೌರವ ದೊರೆತುದು ಕಡಿಮೆ. ಆದರೂ ರೈಲಿನ ವಿಷಯದಲ್ಲಿ ಅಭಿಮಾನವುಳ್ಳವರನ್ನು ಇಂದು ವಿಚಾರಿಸಿದರೆ, ಅವರಲ್ಲಿ ಎಷ್ಟೋ ಜನ ಮನಸ್ಸಿನಲ್ಲಿ ಹಂಬಲಿಸುವುದು ಎಂಜಿನ್ನನ್ನಲ್ಲ. ಸಾಮಾನುಗಾಡಿಯ ತುದಿಯಲ್ಲಿ, ಐವತ್ತು ಅರುವತ್ತು ವ್ಯಾಗನ್ನುಗಳ ಹಿಂದೆ, ಅಲ್ಲಾಡುತ್ತ ಬರುತ್ತಿದ್ದ ಆ ಒಂದು ಪುಟ್ಟ ಡಬ್ಬಿಯನ್ನು. ಅಮೆರಿಕದವರು ಅದನ್ನು ಕಬೂಸ್ ಎಂದು ಕರೆದರು. ಇಂಗ್ಲಿಷರೂ ಅವರಿಂದ ಕಲಿತ ಭಾರತದ ರೈಲ್ವೆಯವರೂ ಬ್ರೇಕ್ ವ್ಯಾನು ಎಂದರು. ಕೋಲಾರ ಸೀಮೆಯ ಜನ ಗಾರ್ಡಿನ ಡಬ್ಬಿ ಎಂದರು.

ಈ ಹಂಬಲದಲ್ಲಿ ಎರಡು ಅಂಶಗಳು ಬೆರೆತಿವೆ. ಒಂದು, ಕಣ್ಣಿಗೆ ಹಿತವಾಗಿದ್ದ ಒಂದು ನೋಟವು ಮರೆಯಾಗುವಾಗ ಸಹಜವಾಗಿ ಉಂಟಾಗುವ ಬೇಸರ. ಇನ್ನೊಂದು ಅದಕ್ಕಿಂತ ಆಳವಾದುದು. ಆ ಡಬ್ಬಿಯು ಶೋಭೆಗಾಗಿ ಕಟ್ಟಿದ ಬಾಲವಾಗಿರಲಿಲ್ಲ. ಗಾಡಿಯು ಇಡಿಯಾಗಿ ಬಂದಿದೆ, ನಡುವೆ ಎಲ್ಲಿಯೂ ಕಡಿದುಹೋಗಿಲ್ಲ, ಹಿಂದೆ ಬರುವವರಿಗೆ ದಾರಿ ತೆರವಾಗಿದೆ ಎಂದು ಒಬ್ಬ ಮನುಷ್ಯನು ಕುಳಿತು ಸಾಕ್ಷಿ ಹೇಳುತ್ತಿದ್ದ ಸ್ಥಾನ ಅದಾಗಿದ್ದಿತು. ಆ ಸಾಕ್ಷಿಯನ್ನು ಈಗ ಯಂತ್ರಗಳು ಹೇಳತೊಡಗಿವೆ. ಆದುದರಿಂದ ಹಂಬಲಿಸುವವರು ಕಳೆದುಕೊಂಡುದು ಯಾವುದು, ಕಳೆದುಕೊಂಡುದರಲ್ಲಿ ವ್ಯಸನಪಡತಕ್ಕದ್ದು ಎಷ್ಟು, ಸಂತೋಷಪಡತಕ್ಕದ್ದು ಎಷ್ಟು ಎಂಬುದನ್ನು ಕೋಲಾರ ಜಿಲ್ಲೆಯ ರೈಲುಹಾದಿಯ ಚರಿತ್ರೆಯೊಡನೆ ಸೇರಿಸಿ ವಿಚಾರಿಸುವುದು ಅನುಚಿತವಾಗಲಾರದು.

೨

ಕೋಲಾರ ಸೀಮೆಗೆ ರೈಲು ಬಂದುದು ಮೈಸೂರು ಸಂಸ್ಥಾನದ ಉಳಿದ ಭಾಗಗಳೆಲ್ಲಕ್ಕಿಂತ ಮೊದಲು. ಮದರಾಸ್ ರೈಲ್ವೆ ಕಂಪೆನಿಯವರು ೧೮೫೬ರಲ್ಲಿ ರಾಯಪುರದಿಂದ ಆರ್ಕಾಟಿನ ಕಡೆಗೆ ಮೊದಲ ಹಾದಿಯನ್ನು ತೆರೆದರು. ಅದರಿಂದ ಮುಂದುವರಿದ ಹಾದಿಗೆ ಜೋಲಾರಪೇಟೆಯಲ್ಲಿ ಒಂದು ಕವಲು ಕೂಡಿಸಿ, ೧೮೬೪ನೆಯ ಆಗಸ್ಟಿನಲ್ಲಿ ಬೆಂಗಳೂರಿನ ದಂಡಿನ ಪ್ರದೇಶಕ್ಕೆ ತಂದು ಮುಟ್ಟಿಸಿದರು. ಐದೂವರೆ ಅಡಿ ಅಗಲದ ಈ ದೊಡ್ಡ ಹಾದಿಯು ಪಶ್ಚಿಮದಲ್ಲಿ ಮಾಲೂರನ್ನೂ ಟೇಕಲ್ಲನ್ನೂ ದಾಟಿ, ಆಗಿನ ಕಮಿಷನರರಾದ ಲೆವಿನ್ ಬೌರಿಂಗರ ಹೆಸರನ್ನು ಹೊತ್ತ ಬೌರಿಂಗ್‌ಪೇಟೆಯನ್ನು ಮುಟ್ಟಿ, ಅಲ್ಲಿಂದ ಕುಪ್ಪಂ ಮಾರ್ಗವಾಗಿ ಕೆಳಗಿಳಿಯಿತು. ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಚಿನ್ನದ ಗಣಿಗಳು ೧೮೮೦ರ ಈಚೆಗೆ ಬೆಳೆದ ಮೇಲೆ, ೧೮೯೦ರ ದಶಕದಲ್ಲಿ ಅಲ್ಲಿಂದ ಮಾರಿಕುಪ್ಪಕ್ಕೆ ಮತ್ತೊಂದು ಕವಲು ಹೊರಟಿತು. ಗಣಿಗೆ ಬೇಕಾದ ಯಂತ್ರ, ಕಲ್ಲಿದ್ದಲು, ಮರಮುಟ್ಟು ಎಲ್ಲವೂ ಆ ಕವಲಿನ ಮೇಲೆಯೇ ಸಾಗಬೇಕಾಯಿತು. ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಗಣಿಗಳಿಗೆ ಬಂದುದರಿಂದ ಕಲ್ಲಿದ್ದಲಿನ ಹೊರೆ ತಗ್ಗಿದರೂ ಸಾಮಾನುಗಾಡಿಗಳ ಓಡಾಟ ನಿಲ್ಲಲಿಲ್ಲ.

ಜಿಲ್ಲೆಯ ಮುಖ್ಯಸ್ಥಳವಾದ ಕೋಲಾರವು ಈ ದೊಡ್ಡ ಹಾದಿಗೆ ಹೊರಗಾಗಿಯೇ ಉಳಿದಿದ್ದಿತು. ದಿವಾನ್ ಎಂ. ವಿಶ್ವೇಶ್ವರಯ್ಯನವರ ಆಡಳಿತಕಾಲದಲ್ಲಿ, ೧೯೧೩ರಲ್ಲಿ, ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಕಿರುಹಾದಿಯು ಸಿದ್ಧವಾಯಿತು. ಆ ದಶಕ ಮುಗಿಯುವುದರೊಳಗೆ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಹಾದು ಚಿಕ್ಕಬಳ್ಳಾಪುರವನ್ನು ಮುಟ್ಟಿ, ದೇವನಹಳ್ಳಿ ಯಲಹಂಕಗಳ ಮೂಲಕ ಬೆಂಗಳೂರಿಗೆ ಸಂಬಂಧವನ್ನು ಪಡೆಯಿತು. ಹೀಗೆ ಜಿಲ್ಲೆಯ ಸುತ್ತ ದೊಡ್ಡದೂ ಚಿಕ್ಕದೂ ಸೇರಿ ಒಂದು ಬಳೆಯಂತಾಯಿತು. ಮುಳಬಾಗಿಲು ಮಾತ್ರ ಈ ಬಳೆಯ ಹೊರಗೆ ನಿಂತಿತು. ಮೂಡಲ ಬಾಗಿಲೆಂದು ಹೆಸರು ಪಡೆದ ಊರಿನ ಬಾಗಿಲಿನಿಂದ ಮದರಾಸಿನ ರಸ್ತೆ ಹೋಯಿತು, ರೈಲು ಹೋಗಲಿಲ್ಲ. ಮುಳಬಾಗಿಲಿನವರು ರೈಲನ್ನು ಕಾಣಬೇಕಾದರೆ ಪ್ರಯಾಣಮಾಡಿ ಬರಬೇಕಾಗಿದ್ದಿತು.

ಬಂಗಾರಪೇಟೆಯ ಸ್ಟೇಷನ್ನು ಈ ಕಾರಣದಿಂದ ಒಂದು ವಿಶೇಷ ಸ್ಥಾನವಾಯಿತು. ದೊಡ್ಡ ಹಾದಿಯ ವ್ಯಾಗನ್ನು ಚಿಕ್ಕ ಹಾದಿಯ ಮೇಲೆ ಹೋಗಲಾರದು; ಆದುದರಿಂದ ಒಂದರಲ್ಲಿ ಬಂದ ಸಾಮಾನನ್ನು ಕೂಲಿಗಳು ಹೊತ್ತು ಇನ್ನೊಂದಕ್ಕೆ ತುಂಬಬೇಕಾಗಿದ್ದಿತು. ಒಂದೇ ಸ್ಟೇಷನ್ನಿನ ಎರಡು ಮಗ್ಗುಲಲ್ಲಿ ಎರಡು ಬಗೆಯ ಗಾಡಿಗಳು, ಎರಡು ಬಗೆಯ ಬಾಲಗಳು. ಒಂದು ಕಡೆ ದೊಡ್ಡ ಹಾದಿಯ ಉದ್ದನೆಯ ಸಾಮಾನುಗಾಡಿ ಮತ್ತು ಅದರ ಹಿಂದಿನ ಭಾರವಾದ ಬ್ರೇಕ್ ವ್ಯಾನು. ಇನ್ನೊಂದು ಕಡೆ ಜನವನ್ನೂ ಸಾಮಾನನ್ನೂ ಒಟ್ಟಿಗೆ ಸಾಗಿಸುವ ಕಿರುಹಾದಿಯ ಗಾಡಿ. ಗಾತ್ರದಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಎರಡರ ತುದಿಯಲ್ಲಿಯೂ ಹಸುರು ಬಾವುಟ ಹಿಡಿದು ನಿಂತವನ ಧರ್ಮವು ಒಂದೇ ಆಗಿದ್ದಿತು.

೩

ಆ ಧರ್ಮವೇನೆಂಬುದನ್ನು ತಿಳಿಯಬೇಕಾದರೆ ಗಾಡಿಯನ್ನು ನಿಲ್ಲಿಸುವ ಕಷ್ಟವನ್ನು ಮೊದಲು ತಿಳಿಯಬೇಕು. ರಥೋತ್ಸವದಲ್ಲಿ ಮಿಣಿಯನ್ನು ಹಿಡಿದು ಎಳೆಯುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಗಾಲಿಯ ಬಳಿ ಬಗ್ಗಿ ನಡೆಯುತ್ತ, ಇಳಿಜಾರಿನಲ್ಲಿ ಮರದ ತಡೆಯನ್ನು ಕೊಡುವವರನ್ನು ಯಾರೂ ನೋಡುವುದಿಲ್ಲ. ಆದರೆ ಅವರು ಒಂದು ಗಳಿಗೆ ಮೈಮರೆತರೆ ತೇರು ಎಳೆಯುವವರ ಮೇಲೆಯೇ ಹರಿಯುವುದು. ಸಾಮಾನುಗಾಡಿಯ ಗಾರ್ಡನು ಈ ತಡೆ ಕೊಡುವವರ ಜಾತಿಗೆ ಸೇರಿದವನು.

ರೈಲಿನ ಆದಿಯ ದಿನಗಳಲ್ಲಿ ಸಾಮಾನಿನ ವ್ಯಾಗನ್ನುಗಳಿಗೆ ಎಂಜಿನ್ನಿನಿಂದ ಹಾಕಬಹುದಾದ ಬ್ರೇಕು ಇರಲಿಲ್ಲ. ಎಂಜಿನ್ನಿಗೆ ಒಂದು ಬ್ರೇಕು, ತುದಿಯ ಡಬ್ಬಿಗೆ ಒಂದು ಕೈಬ್ರೇಕು. ನಡುವಿನ ವ್ಯಾಗನ್ನುಗಳೆಲ್ಲ ಕೊಂಡಿಗಳಿಂದ ಕೂಡಿ ಉರುಳುವ ಭಾರ ಮಾತ್ರ. ಇಳಿಜಾರಿನಲ್ಲಿ ಎಂಜಿನ್ನು ತಡೆದರೆ ಹಿಂದಿನ ಭಾರವೆಲ್ಲ ಮುಂದಕ್ಕೆ ನುಗ್ಗಿ ಬಂದು ಬಫರುಗಳಿಗೆ ಅಪ್ಪಳಿಸುವುದು. ಮತ್ತೆ ಎಂಜಿನ್ನು ಎಳೆದರೆ ಸಡಿಲವಾದ ಕೊಂಡಿಗಳು ಒಮ್ಮೆಗೇ ಬಿಗಿದು, ಅವುಗಳಲ್ಲಿ ಒಂದು ಕಡಿದುಹೋದರೂ ಹೋಗಬಹುದು. ಇದನ್ನು ತಪ್ಪಿಸುವುದಕ್ಕಾಗಿ ಗಾರ್ಡನು ಇಳುಕಲಿನ ನೆಲೆಯನ್ನು ಅರಿತು, ತನ್ನ ಡಬ್ಬಿಯ ಕೈಚಕ್ರವನ್ನು ತಿರುಗಿಸಿ, ಹಿಂದಿನಿಂದ ಗಾಡಿಯನ್ನು ಹಿಡಿದು, ಕೊಂಡಿಗಳು ಬಿಗಿಯಾಗಿಯೇ ಇರುವಂತೆ ನೋಡಿಕೊಳ್ಳಬೇಕಾಗಿದ್ದಿತು. ಬ್ರೇಕ್ ವ್ಯಾನನ್ನು ಬೇಕೆಂದೇ ಭಾರವಾಗಿ ಕಟ್ಟುತ್ತಿದ್ದುದಕ್ಕೆ ಕಾರಣವಿದು.

ಕೋಲಾರದ ಪೀಠಭೂಮಿಯಿಂದ ಕೆಳಗಿಳಿಯುವ ಹಾದಿಯಲ್ಲಿ ಈ ವಿದ್ಯೆಯು ಬರಿಯ ಶಾಸ್ತ್ರವಾಗಿರಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದಲ್ಲಿದೆ. ಜೋಲಾರಪೇಟೆಯು ೧೪೦೦ ಅಡಿಗಳ ಸಮೀಪದಲ್ಲಿದೆ. ಮಾಲೂರು, ಬಂಗಾರಪೇಟೆಗಳವರೆಗೆ ಏರಿಳಿತಗಳೊಡನೆ ಸಾಗುವ ಹಾದಿಯು ಕುಪ್ಪಂ ದಾಟಿದ ಮೇಲೆ ಮೈಸೂರಿನ ಅಂಚನ್ನು ಬಿಟ್ಟು ತಮಿಳು ಬಯಲಿಗೆ ಇಳಿಯುವುದು. ಅಲ್ಲಿ ಮುಂದಿನವನಿಗೂ ಹಿಂದಿನವನಿಗೂ ಒಂದೇ ಮನಸ್ಸು ಇರಬೇಕಾಗಿದ್ದಿತು. ಇಬ್ಬರ ನಡುವೆ ತಂತಿಯಿಲ್ಲ, ಮಾತಿಲ್ಲ. ಇದ್ದುದು ಎಂಜಿನ್ನಿನ ಸಿಳ್ಳು, ಬಾವುಟ ಮತ್ತು ಕೈದೀಪ ಮಾತ್ರ.

ಹಿಂದಿನ ಬ್ರೇಕು ದುರ್ಬಲವಾದರೆ ಏನಾಗುವುದೆಂಬುದನ್ನು ಲೋಕವು ದೊಡ್ಡ ಬೆಲೆ ಕೊಟ್ಟು ಕಲಿಯಿತು. ೧೮೮೯ನೆಯ ಜೂನ್ ೧೨ರಂದು ಐರ್ಲೆಂಡಿನ ಆರ್ಮಾ ಎಂಬ ಊರಿನ ಬಳಿ, ಮಕ್ಕಳೇ ಹೆಚ್ಚಾಗಿದ್ದ ಒಂದು ವಿಹಾರದ ಗಾಡಿಯು ದಿಣ್ಣೆಯನ್ನು ಏರಲಾರದೆ ನಿಂತಿತು. ಗಾಡಿಯನ್ನು ಎರಡಾಗಿ ಬಿಡಿಸಿ, ಮುಂದಿನ ಭಾಗವನ್ನು ಮೊದಲು ಮೇಲೆ ಒಯ್ಯಬೇಕೆಂದು ಯೋಚಿಸಿದರು. ಬಿಟ್ಟ ಭಾಗಕ್ಕೆ ಆಧಾರವಾಗಿದ್ದುದು ತುದಿಯ ಡಬ್ಬಿಯ ಕೈಬ್ರೇಕು ಮತ್ತು ಗಾಲಿಗೆ ಕೊಟ್ಟ ಕಲ್ಲುಗಳು. ಅವು ತಡೆಯಲಿಲ್ಲ. ಆ ಗಾಡಿಗಳು ಹಿಂದಕ್ಕೆ ಉರುಳಿ, ಹಿಂದಿನಿಂದ ಬರುತ್ತಿದ್ದ ಮತ್ತೊಂದು ರೈಲಿಗೆ ಬಡಿದುವು. ಸುಮಾರು ೮೦ ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಶಾಸನವು ಪ್ರಯಾಣಿಕರ ಗಾಡಿಗಳಿಗೆ ಉದ್ದಕ್ಕೂ ತಾನಾಗಿ ಕೆಲಸಮಾಡುವ ಬ್ರೇಕನ್ನೂ, ಎರಡು ಸ್ಟೇಷನ್ನುಗಳ ನಡುವೆ ಒಂದು ಕಾಲಕ್ಕೆ ಒಂದೇ ಗಾಡಿ ಇರಬೇಕೆಂಬ ಕಟ್ಟಳೆಯನ್ನೂ ಕಡ್ಡಾಯಮಾಡಿತು.

೪

ಈ ಎರಡನೆಯ ಕಟ್ಟಳೆಯಲ್ಲಿಯೇ ಕಡೆಯ ಡಬ್ಬಿಯ ಮಹತ್ತ್ವದ ಇನ್ನೊಂದು ಮುಖವು ಅಡಗಿದೆ. ಮಾಲೂರನ್ನು ಬಿಟ್ಟ ಸಾಮಾನುಗಾಡಿಯು ಮುಂದಿನ ಸ್ಟೇಷನ್ನನ್ನು ಸೇರಿತೆಂದು ಹೇಳುವುದು ಹೇಗೆ? ಎಂಜಿನ್ನು ಬಂದುದನ್ನು ಎಲ್ಲರೂ ಕಾಣುವರು. ಆದರೆ ನಡುದಾರಿಯಲ್ಲಿ ಒಂದು ಕೊಂಡಿ ಕಡಿದು, ಹತ್ತು ವ್ಯಾಗನ್ನುಗಳು ಹಳಿಯ ಮೇಲೆಯೇ ಉಳಿದಿದ್ದರೆ? ರಾತ್ರಿಯ ಕತ್ತಲೆಯಲ್ಲಿ ಹಿಂದಿನಿಂದ ಬರುವ ಮೆಯಿಲುಗಾಡಿಗೆ ಅದು ಮೃತ್ಯುವಾಗುವುದು. ಆದುದರಿಂದ ಸ್ಟೇಷನ್ ಮಾಸ್ತರನು ಎಂಜಿನ್ನನ್ನು ನೋಡಿ ತೃಪ್ತನಾಗತಕ್ಕದ್ದಲ್ಲ; ಗಾಡಿಯ ಬಾಲವನ್ನು ನೋಡಬೇಕು. ಹಗಲಿನಲ್ಲಿ ಕಡೆಯ ವಾಹನವೆಂಬುದನ್ನು ಸೂಚಿಸುವ ಎಲ್.ವಿ. ಎಂಬ ಅಕ್ಷರಗಳ ಫಲಕ, ರಾತ್ರಿಯಲ್ಲಿ ಕೆಂಪು ಬಾಲದೀಪ. ಇವೆರಡರಲ್ಲಿ ಒಂದು ಕಣ್ಣಿಗೆ ಬಿದ್ದ ಮೇಲಲ್ಲದೆ ಗಾಡಿ ಪೂರ್ಣವಾಗಿ ಬಂದಿತೆಂದು ಹಿಂದಿನ ಸ್ಟೇಷನ್ನಿಗೆ ತಿಳಿಸುವಂತಿಲ್ಲ. ಇಡೀ ರೈಲುಸಂಚಾರದ ನಂಬಿಕೆಯು ಒಂದು ಎಣ್ಣೆಯ ದೀಪದ ಕುಡಿಯನ್ನು ಆಶ್ರಯಿಸಿಕೊಂಡಿದ್ದಿತೆಂದರೆ ಅತಿಶಯೋಕ್ತಿಯಲ್ಲ.

ಬಾಲದೀಪದ ಜೊತೆಗೆ ಡಬ್ಬಿಯ ಎರಡು ಮಗ್ಗುಲಲ್ಲಿಯೂ ದೀಪಗಳಿರುತ್ತಿದ್ದುವು. ಇವು ಹಿಂದಕ್ಕೆ ಕೆಂಪಾಗಿಯೂ ಮುಂದಕ್ಕೆ ಬಿಳಿದಾಗಿಯೂ ಕಾಣುತ್ತಿದ್ದುವು. ತಿರುವಿನಲ್ಲಿ ಡ್ರೈವರನು ಎಂಜಿನ್ನಿನಿಂದ ತಲೆ ಹೊರಹಾಕಿ ಹಿಂದಿರುಗಿ ನೋಡಿದಾಗ, ದೂರದಲ್ಲಿ ಆ ಬಿಳಿಯ ಚುಕ್ಕೆ ಕಂಡರೆ ಗಾಡಿ ತುಂಡಾಗಿಲ್ಲವೆಂದು ಅವನಿಗೆ ಧೈರ್ಯ. ಗಾಡಿ ನಿಜವಾಗಿಯೇ ಎರಡಾದರೆ ಎಂಜಿನ್ನು ನೀಳವಾಗಿ ಒಮ್ಮೆ, ಗಿಡ್ಡವಾಗಿ ಒಮ್ಮೆ, ಮತ್ತೆ ಹಾಗೆಯೇ ನೀಳವಾಗಿಯೂ ಗಿಡ್ಡವಾಗಿಯೂ ಕೂಗುವುದು. ಗಾರ್ಡನು ಹಗಲಾದರೆ ಹಸುರು ಬಾವುಟವನ್ನು, ರಾತ್ರಿಯಾದರೆ ಬಿಳಿಯ ದೀಪವನ್ನು ಮೇಲಕ್ಕೂ ಕೆಳಕ್ಕೂ ಬೀಸುವನು. ಹಿಂದಿನ ತುಂಡು ತನ್ನ ವೇಗದಿಂದ ಮುಂದಿನ ತುಂಡಿಗೆ ಬಂದು ಬಡಿಯದಂತೆ ಕೈಬ್ರೇಕನ್ನು ಬಿಗಿಯುವುದು ಅವನ ಮೊದಲ ಕೆಲಸ.

ಗಾಡಿಯು ನಡುದಾರಿಯಲ್ಲಿ ಕೆಟ್ಟು ನಿಂತಾಗ ಗಾರ್ಡನು ಮಾಡತಕ್ಕ ಕಾರ್ಯವು ಇನ್ನೂ ಕಠಿನ. ಡೆಟೊನೇಟರೆಂಬ ಸಿಡಿಮದ್ದಿನ ಬಿಲ್ಲೆಗಳನ್ನೂ ಕೆಂಪು ಬಾವುಟ ಅಥವಾ ದೀಪವನ್ನೂ ತೆಗೆದುಕೊಂಡು ಅವನು ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆಯಬೇಕು. ದೊಡ್ಡ ಹಾದಿಯಲ್ಲಿ ೬೦೦ ಮೀಟರಿನ ಬಳಿ ಒಂದು ಬಿಲ್ಲೆಯನ್ನು, ೧೨೦೦ ಮೀಟರಿನ ಬಳಿ ಹತ್ತು ಹತ್ತು ಮೀಟರುಗಳ ಅಂತರದಲ್ಲಿ ಮೂರು ಬಿಲ್ಲೆಗಳನ್ನು ಹಳಿಯ ಮೇಲೆ ಕಟ್ಟಬೇಕು. ಕಿರುಹಾದಿಗಳಲ್ಲಿ ಈ ದೂರವು ೪೦೦ ಮತ್ತು ೮೦೦ ಮೀಟರು. ಹಿಂದಿನಿಂದ ಬರುವ ಎಂಜಿನ್ನಿನ ಗಾಲಿಗೆ ಸಿಕ್ಕಿ ಅವು ಸಿಡಿದರೆ ಡ್ರೈವರನು ಅಪಾಯವನ್ನು ಅರಿತು ನಿಲ್ಲಿಸುವನು. ಮಳೆಯ ರಾತ್ರಿಯಲ್ಲಿ, ಕಾಡುದಾರಿಯಲ್ಲಿ, ಒಬ್ಬನೇ ಒಂದು ಮೈಲಿಯ ಮುಕ್ಕಾಲು ಭಾಗ ಜಲ್ಲಿಯ ಮೇಲೆ ಕಾಲೆಳೆದು ಹೋಗಿ, ಕಾಣದ ಗಾಡಿಯನ್ನು ಎದುರುನೋಡುತ್ತ ನಿಲ್ಲುವ ಮನುಷ್ಯನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಈ ಕೆಲಸಕ್ಕೆ ಮೆಚ್ಚುಗೆಯಿಲ್ಲ. ಅದನ್ನು ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದ ಸಂಗತಿಯು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

೫

ದೂರದಿಂದ ನೋಡುವವರಿಗೆ ಗಾರ್ಡಿನ ಡಬ್ಬಿಯು ಸುಖದ ಗೂಡಿನಂತೆ ಕಾಣುತ್ತಿದ್ದಿತು. ಹೊಲದಲ್ಲಿ ರಾಗಿಯ ಕಳೆ ಕೀಳುತ್ತಿದ್ದವರು ಬೆನ್ನು ನೇರಮಾಡಿಕೊಂಡು ವ್ಯಾಗನ್ನುಗಳನ್ನು ಎಣಿಸುವರು. ಎಣಿಕೆಯ ಕೊನೆಗೆ ಆ ಡಬ್ಬಿ ಬಂದಾಗ ಮಕ್ಕಳು ಕೈ ಬೀಸುವರು. ಒಳಗಿನ ಬಿಳಿಯ ಉಡುಪಿನ ಮನುಷ್ಯನೂ ಕೈ ಬೀಸುವನು. ತನ್ನದೇ ಒಂದು ಮೊಗಸಾಲೆಯಲ್ಲಿ ಕುಳಿತು ದೇಶವನ್ನು ನೋಡುತ್ತ ಹೋಗುವ ಅವನಿಗಿಂತ ಭಾಗ್ಯವಂತರುಂಟೆ ಎಂದು ನೋಡುವವರಿಗೆ ತೋರಿದುದು ಸಹಜ. ಇಂದಿನ ಹಂಬಲವು ಬಹುಮಟ್ಟಿಗೆ ಈ ನೋಟವನ್ನೇ ಮೂಲಧನವಾಗಿ ಪಡೆದಿದೆ.

ಒಳಗಿದ್ದವನ ಅನುಭವವು ಬೇರೆ. ಕೆಲಸಕ್ಕೆ ಬರುವಾಗ ಅವನೊಡನೆ ಒಂದು ಭಾರವಾದ ಪೆಟ್ಟಿಗೆ ಬರುತ್ತಿದ್ದಿತು. ದೀಪಗಳು, ಬಾವುಟಗಳು, ಸಿಡಿಬಿಲ್ಲೆಗಳು, ಕಡೆಯ ವಾಹನದ ಫಲಕ, ನಿಯಮಗಳ ಪುಸ್ತಕ, ಔಷಧದ ಪೆಟ್ಟಿಗೆ ಮೊದಲಾದುವೆಲ್ಲ ಅವನ ಹೊಣೆ. ಡಬ್ಬಿಯಲ್ಲಿ ಒಂದು ಗಟ್ಟಿಯಾದ ಆಸನ, ಕೈಬ್ರೇಕಿನ ಚಕ್ರ, ಬ್ರೇಕಿನ ಬಲವನ್ನು ತೋರಿಸುವ ಗಡಿಯಾರದಂಥ ಮಾಪಕ. ಇಷ್ಟರಲ್ಲಿಯೇ ಅವನ ಸಂಸಾರ. ಬಹುಕಾಲ ಅದರಲ್ಲಿ ವಿದ್ಯುದ್ದೀಪವಾಗಲಿ ಬೀಸಣಿಗೆಯಾಗಲಿ ಶೌಚಕ್ಕೆ ಅನುಕೂಲವಾಗಲಿ ಇರಲಿಲ್ಲ. ನಾಲ್ಕು ಗಾಲಿಯ ಡಬ್ಬಿಯಾದರೆ ಕುಲುಕಾಟವು ಅಸಾಧ್ಯ. ಮುಂದೆ ಎಂಜಿನ್ನು ಎಳೆದ ಎಳೆತವು ಕೊಂಡಿಯಿಂದ ಕೊಂಡಿಗೆ ಹರಿದು ಬಂದು, ಕಟ್ಟಕಡೆಗೆ ಅವನ ಬೆನ್ನಿಗೆ ಬಡಿಯುತ್ತಿದ್ದಿತು. ಮೆಯಿಲುಗಾಡಿಗಳಿಗೂ ಪ್ಯಾಸೆಂಜರು ಗಾಡಿಗಳಿಗೂ ದಾರಿ ಬಿಟ್ಟುಕೊಟ್ಟು ಸಾಮಾನುಗಾಡಿಯು ಚಿಕ್ಕ ಚಿಕ್ಕ ಸ್ಟೇಷನ್ನುಗಳ ಪಕ್ಕದ ಹಳಿಯಲ್ಲಿ ಗಂಟೆಗಟ್ಟಲೆ ಕಾಯುವುದು ಸಾಮಾನ್ಯ. ಆ ಕಾಯುವಿಕೆಯಲ್ಲಿ ಎಷ್ಟೋ ಗಾರ್ಡುಗಳು ಡಬ್ಬಿಯಲ್ಲಿಯೇ ಒಲೆಹೊತ್ತಿಸಿ ಅನ್ನ ಬೇಯಿಸಿಕೊಂಡುದುಂಟು. ದೀಪವಿಲ್ಲದ ಹಳಿಗಳ ಮೇಲೆ ಒಂಟಿಯಾಗಿ ನಿಂತ ಗಾಡಿಯ ತುದಿಯಲ್ಲಿ ಕಳ್ಳರ ಭಯವೂ ಇಲ್ಲದಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಗಾರ್ಡು ಮತ್ತು ಡ್ರೈವರ ಹುದ್ದೆಗಳು ಬಹುಮಟ್ಟಿಗೆ ಯೂರೋಪಿಯನರಿಗೂ ಆಂಗ್ಲೋ-ಇಂಡಿಯನರಿಗೂ ದೊರೆಯುತ್ತಿದ್ದುವು. ಈ ಹಾದಿಯ ಮೇಲೆಯೇ ಇರುವ ವೈಟ್‌ಫೀಲ್ಡ್ ಎಂಬ ಊರು ೧೮೮೨ರಲ್ಲಿ ಆ ಸಮಾಜದವರ ಬೇಸಾಯದ ನೆಲೆಯಾಗಿ ಹುಟ್ಟಿತೆಂಬುದು ಸ್ಮರಣೀಯ. ಕ್ರಮೇಣ ಆ ಸ್ಥಾನಗಳಿಗೆ ದೇಶೀಯರೂ ಬಂದರು. ಉಡುಪು ಬದಲಾಯಿತು, ಮಾತು ಬದಲಾಯಿತು, ಕುಲುಕಾಟ ಬದಲಾಗಲಿಲ್ಲ. ೧೯೭೪ನೆಯ ಮೇ ೮ರಿಂದ ೨೭ರವರೆಗೆ ದೇಶದಾದ್ಯಂತ ನಡೆದ ರೈಲ್ವೆ ಮುಷ್ಕರದ ಕೇಳಿಕೆಗಳಲ್ಲಿ ಎಂಟು ಗಂಟೆಯ ದುಡಿಮೆಯ ಮಾತೂ ಒಂದಾಗಿದ್ದಿತೆಂಬುದನ್ನು ಮರೆಯಬಾರದು. ಹಳಿಯ ಮೇಲೆ ಬದುಕಿದವರಿಗೆ ಕಾಲವೆಂಬುದು ಎಷ್ಟು ದೊಡ್ಡ ನೋವಾಗಿದ್ದಿತೆಂಬುದಕ್ಕೆ ಅದು ಸಾಕ್ಷಿ.

೬

ಕಡೆಯ ಡಬ್ಬಿಗೆ ಕೊನೆಗಾಲವು ಒಂದೇ ದಿನ ಬಂದುದಲ್ಲ. ಅದರ ಕೆಲಸಗಳನ್ನು ಒಂದೊಂದಾಗಿ ಬೇರೆಯವು ವಹಿಸಿಕೊಂಡುವು.

ಮೊದಲು ಹೋದುದು ಕೈಬ್ರೇಕಿನ ಪ್ರಾಧಾನ್ಯ. ವ್ಯಾಗನ್ನಿನಿಂದ ವ್ಯಾಗನ್ನಿಗೆ ಕೊಳವೆಯನ್ನು ಜೋಡಿಸಿ, ಅದರೊಳಗಿನ ಗಾಳಿಯನ್ನು ಹೀರಿ ಬ್ರೇಕನ್ನು ಆಳುವ ನಿರ್ವಾತ ಪದ್ಧತಿಯು ಬಹುಕಾಲ ಭಾರತದಲ್ಲಿ ನಡೆಯಿತು. ೧೯೮೦ರ ದಶಕದಿಂದೀಚೆಗೆ ಸಾಮಾನುಗಾಡಿಗಳಿಗೆ ಒತ್ತಿದ ಗಾಳಿಯ ಬ್ರೇಕು ಬಂದಿತು. ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ ೫ ಕಿಲೋಗ್ರಾಮಿನ ಒತ್ತಡವಿದ್ದರೆ ಗಾಡಿ ಓಡುವುದು; ಎಲ್ಲಿಯಾದರೂ ಕಡಿದು ಗಾಳಿ ಸೋರಿದರೆ ಎರಡು ತುಂಡುಗಳಿಗೂ ಬ್ರೇಕು ತಾನಾಗಿಯೇ ಬೀಳುವುದು. ಆರ್ಮಾದಲ್ಲಿ ಕಲ್ಲುಗಳು ಮಾಡಲಾರದ ಕೆಲಸವನ್ನು ಗಾಳಿಯು ಮಾಡಿತು.

ಎರಡನೆಯದಾಗಿ ಹೋದುದು ದಾರಿಯುದ್ದದ ವ್ಯವಹಾರ. ಹಿಂದೆ ಸಾಮಾನುಗಾಡಿಯು ಊರೂರಿನಲ್ಲಿ ನಿಂತು, ಮಾಲೂರಿನಂಥ ಸ್ಟೇಷನ್ನಿನಲ್ಲಿ ಒಂದೆರಡು ವ್ಯಾಗನ್ನುಗಳನ್ನು ಬಿಟ್ಟು, ಒಂದೆರಡನ್ನು ಕೂಡಿಸಿಕೊಂಡು ಮುಂದೆ ಸಾಗುತ್ತಿದ್ದಿತು. ಯಾವ ವ್ಯಾಗನ್ನು ಎಲ್ಲಿ ಬಿಡತಕ್ಕದ್ದು, ಯಾವುದನ್ನು ಎಲ್ಲಿ ಸೇರಿಸತಕ್ಕದ್ದು ಎಂಬುದರ ಲೆಕ್ಕವೆಲ್ಲ ಗಾರ್ಡಿನದು. ಹೆಂಚು, ಬೆಲ್ಲ, ಹುಣಿಸೆ, ಕಾಳುಕಡ್ಡಿಗಳ ಚಿಲ್ಲರೆ ಸಾಗಾಣಿಕೆಯನ್ನು ಕ್ರಮಕ್ರಮವಾಗಿ ಲಾರಿಗಳು ಕಿತ್ತುಕೊಂಡುವು. ಸಾಮಾನುಗಾಡಿಯು ಒಂದೇ ಸರಕನ್ನು ತುಂಬಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಡದೆ ಓಡತೊಡಗಿತು. ಊರಿನ ಮುಂದೆ ಹಾದುಹೋದರೂ ಅದಕ್ಕೂ ಊರಿಗೂ ಸಂಬಂಧವಿಲ್ಲದಂತಾಯಿತು. ಇದೇ ಕಾಲದಲ್ಲಿ ಕಿರುಹಾದಿಯೂ ಕಣ್ಮರೆಯಾಯಿತು. ಬಂಗಾರಪೇಟೆ ಮತ್ತು ಕೋಲಾರಗಳ ನಡುವಣ ಭಾಗವು ೧೯೯೭ರಲ್ಲಿ ದೊಡ್ಡ ಹಾದಿಯಾಯಿತು. ಶ್ರೀನಿವಾಸಪುರ, ಚಿಂತಾಮಣಿಗಳ ಮೇಲಿನ ಭಾಗವು ಬಹುಕಾಲ ಗಾಡಿಯಿಲ್ಲದೆ ಬಿದ್ದಿದ್ದು, ೨೦೧೩ರಲ್ಲಿ ದೊಡ್ಡ ಹಾದಿಯಾಗಿ ಮರಳಿ ತೆರೆಯಿತು. ಅಷ್ಟರಲ್ಲಿ, ೨೦೦೧ರಲ್ಲಿ, ಚಿನ್ನದ ಗಣಿಗಳೂ ಮುಚ್ಚಿದ್ದುವು.

ಮೂರನೆಯದಾಗಿ ಹೋಗುತ್ತಿರುವುದು ಸಾಕ್ಷಿಯ ಕೆಲಸ. ಸ್ಟೇಷನ್ನಿನ ಎರಡು ಕಡೆಯಲ್ಲಿಯೂ ಹಳಿಗೆ ಜೋಡಿಸಿದ ಯಂತ್ರವು ಒಳಹೋದ ಅಚ್ಚುಗಳನ್ನೂ ಹೊರಬಂದ ಅಚ್ಚುಗಳನ್ನೂ ಎಣಿಸುತ್ತದೆ. ಎರಡು ಲೆಕ್ಕವೂ ಸರಿಹೋದರೆ ಹಾದಿ ತೆರವಾಗಿದೆಯೆಂದು ಅದೇ ಹೇಳುತ್ತದೆ. ಬಾಲದೀಪಕ್ಕೆ ಬದಲಾಗಿ ಕಡೆಯ ವ್ಯಾಗನ್ನಿನ ಕೊಂಡಿಗೆ ತಗುಲಿಸುವ ಒಂದು ಪೆಟ್ಟಿಗೆ ಬಂದಿದೆ. ಅದು ಬ್ರೇಕಿನ ಕೊಳವೆಯ ಒತ್ತಡವನ್ನು ರೇಡಿಯೋ ಮೂಲಕ ಎಂಜಿನ್ನಿಗೆ ತಿಳಿಸುತ್ತದೆ, ಕೆಂಪು ದೀಪವನ್ನು ಮಿನುಗಿಸುತ್ತದೆ, ಡ್ರೈವರನು ಬಯಸಿದರೆ ಹಿಂದಿನ ತುದಿಯಿಂದಲೂ ಗಾಳಿಯನ್ನು ಬಿಟ್ಟು ಗಾಡಿಯನ್ನು ನಿಲ್ಲಿಸುತ್ತದೆ. ಅಮೆರಿಕದಲ್ಲಿ ಇಂಥ ಪೆಟ್ಟಿಗೆಗಳು ೧೯೮೦ರ ದಶಕದಲ್ಲಿಯೇ ಕಬೂಸನ್ನು ಹಳಿಯಿಂದ ಓಡಿಸಿದುವು. ಭಾರತದಲ್ಲಿ ೨೦೨೦ರ ಸುಮಾರಿನಿಂದ ಕೆಲವು ಗಾಡಿಗಳು ಇದನ್ನು ಕಟ್ಟಿಕೊಂಡು, ಗಾರ್ಡಿನ ಡಬ್ಬಿಯಿಲ್ಲದೆ ಓಡತೊಡಗಿವೆ. ಐವತ್ತೆಂಟು ವ್ಯಾಗನ್ನುಗಳ ಗಾಡಿಯಲ್ಲಿ ಡಬ್ಬಿಯನ್ನು ಕಳಚಿದರೆ ಆ ಸ್ಥಳದಲ್ಲಿ ಮತ್ತೊಂದು ವ್ಯಾಗನ್ನಿಗೆ ಎಡೆಯಾಗುವುದೆಂಬುದು ವ್ಯಾಪಾರದ ಲೆಕ್ಕ. ಅನೇಕ ಗಾಡಿಗಳಿಗೆ ಇನ್ನೂ ಡಬ್ಬಿ ಇದೆ. ಆದರೆ ಅದರ ಗತಿಯು ನಿಶ್ಚಿತವಾದಂತಿದೆ. ಹೆಸರೂ ಉಳಿದಿಲ್ಲ. ೨೦೨೨ನೆಯ ಜನವರಿಯಲ್ಲಿ ರೈಲ್ವೆ ಮಂಡಲಿಯವರು ಗಾರ್ಡೆಂಬ ಹುದ್ದೆಯ ಹೆಸರನ್ನು ಟ್ರೈನ್ ಮ್ಯಾನೇಜರ್ ಎಂದು ಬದಲಾಯಿಸಿದರು.

೭

ಇನ್ನು ಹಂಬಲದ ವಿಚಾರ. ಅಮೆರಿಕದವರು ತಮ್ಮ ಕಬೂಸುಗಳನ್ನು ಊರಿನ ಉದ್ಯಾನಗಳಲ್ಲಿ ಇಟ್ಟರು, ವಸ್ತುಸಂಗ್ರಹಾಲಯಗಳಿಗೆ ಕೊಟ್ಟರು, ಕೆಲವರು ಕೊಂಡು ಮನೆಯನ್ನಾಗಿಯೂ ಮಾಡಿಕೊಂಡರು. ಅಲ್ಲಿಯ ಡಬ್ಬಿಯ ಮೇಲೆ ಗೋಪುರದಂಥ ಗವಾಕ್ಷಿಯಿದ್ದುದೂ ಅದಕ್ಕೆ ಕೆಂಪು ಬಣ್ಣ ಬಳಿಯುವ ವಾಡಿಕೆಯಿದ್ದುದೂ ಈ ಪ್ರೀತಿಗೆ ನೆರವಾದುವು. ಭಾರತದ ಬ್ರೇಕ್ ವ್ಯಾನಿಗೆ ಅಂಥ ರೂಪವಿಲ್ಲ. ಮಾಸಲು ಬಣ್ಣದ ಪೆಟ್ಟಿಗೆ, ಎರಡು ಕಡೆಯಲ್ಲಿ ಕಟಕಟೆಯ ಮೊಗಸಾಲೆ, ನಡುವೆ ಸಣ್ಣ ಕೋಣೆ, ಇಷ್ಟೆ. ಮೈಸೂರಿನಲ್ಲಿ ೧೯೭೯ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋದವರೂ ಮೊದಲು ನೋಡುವುದು ಎಂಜಿನ್ನುಗಳನ್ನೇ.

ಡಬ್ಬಿಯನ್ನು ಮರಳಿ ತರಬೇಕೆಂದು ಹೇಳುವುದು ನ್ಯಾಯವಲ್ಲ. ಆ ಕುಲುಕಾಟವನ್ನೂ ಆ ಒಂಟಿತನವನ್ನೂ ಇನ್ನೊಬ್ಬನು ಅನುಭವಿಸಲೆಂದು ಬಯಸಿ, ಹೊಲದ ಬದುವಿನ ಮೇಲೆ ನಿಂತು ಕೈ ಬೀಸುವ ಸಂತೋಷವನ್ನು ಮಾತ್ರ ತಾನು ಇಟ್ಟುಕೊಳ್ಳುವುದು ಉದಾರವಾದ ಪ್ರೀತಿಯಲ್ಲ. ಯಂತ್ರವು ಎಚ್ಚರ ತಪ್ಪಿ ತೂಕಡಿಸುವುದಿಲ್ಲ. ಅದಕ್ಕೆ ಮಳೆಯಲ್ಲಿ ಜ್ವರ ಬರುವುದಿಲ್ಲ. ರೈಲುಪ್ರಿಯರು ಇಷ್ಟನ್ನು ಒಪ್ಪಿಕೊಂಡ ಮೇಲೆಯೇ ತಮ್ಮ ವ್ಯಸನಕ್ಕೆ ಅಧಿಕಾರಿಗಳಾಗುವರು.

ಆದರೆ ಒಪ್ಪಿಕೊಂಡ ಮೇಲೂ ಉಳಿಯುವ ಒಂದು ನಷ್ಟವಿದೆ. ಮುಂದಿನವನು ಹಿಂದಿನವನನ್ನು ತಿರುಗಿ ನೋಡುವುದು, ಹಿಂದಿನವನು ದೀಪವೆತ್ತಿ ಎಲ್ಲವೂ ಸರಿಯಾಗಿದೆ ಎನ್ನುವುದು, ಇಬ್ಬರನ್ನೂ ನೋಡಿ ಸ್ಟೇಷನ್ನಿನವನು ಮುಂದಿನ ಊರಿಗೆ ಸುದ್ದಿ ಕಳುಹಿಸುವುದು. ಮೂವರು ಅಪರಿಚಿತರು ಕತ್ತಲೆಯಲ್ಲಿ ಒಬ್ಬರ ಮಾತನ್ನೊಬ್ಬರು ನಂಬಿ ಸಾವಿರಾರು ಜನರ ಪ್ರಾಣವನ್ನು ಕಾಯುತ್ತಿದ್ದ ಈ ಸಂಪ್ರದಾಯವು ಒಂದು ವಿದ್ಯೆಯಾಗಿದ್ದಿತು. ನೇಯ್ಗೆಯವರಿಗೆ, ಕಮ್ಮಾರರಿಗೆ ಇರುವಂತೆ ಅದಕ್ಕೂ ತನ್ನದೇ ಮಾತು, ತನ್ನದೇ ಎಚ್ಚರ, ತನ್ನದೇ ಮರ್ಯಾದೆಗಳಿದ್ದುವು. ಗಣಿಯ ಕೆಲಸಗಾರರನ್ನು ಕುರಿತು ಮಾತನಾಡುವಷ್ಟು ಗಾಡಿಯ ತುದಿಯಲ್ಲಿ ಕುಳಿತವರನ್ನು ಕುರಿತು ಕೋಲಾರದ ಜನ ಮಾತನಾಡುವುದಿಲ್ಲ. ಎರಡೂ ಈ ಜಿಲ್ಲೆಯ ಚರಿತ್ರೆಯೇ ಆಗಿವೆ.

ಆದುದರಿಂದ ಹಂಬಲಕ್ಕೆ ಮಾಡಲು ಯೋಗ್ಯವಾದ ಕಾರ್ಯವೊಂದಿದೆ. ಬಂಗಾರಪೇಟೆ, ಮಾಲೂರು, ಕೋಲಾರಗಳಲ್ಲಿ ನಿವೃತ್ತರಾಗಿ ಕುಳಿತಿರುವ ಗಾರ್ಡುಗಳು, ಸ್ಟೇಷನ್ ಮಾಸ್ತರರು, ದೀಪ ಹೊತ್ತಿಸಿದವರು, ಪೆಟ್ಟಿಗೆ ಹೊತ್ತವರು ಇನ್ನೂ ಇರುವಾಗಲೇ ಅವರ ಬಾಯಿಂದ ಆ ವಿದ್ಯೆಯ ಮಾತುಗಳನ್ನು ಕೇಳಿ ಬರೆದಿಡಬೇಕು. ಕಿರುಹಾದಿಯ ಗಾಡಿ ಶ್ರೀನಿವಾಸಪುರವನ್ನು ಬಿಡುವಾಗ ಗಾರ್ಡನು ಮೊದಲು ಯಾವ ಕಡೆ ನೋಡುತ್ತಿದ್ದನು, ಇಳುಕಲಿನಲ್ಲಿ ಕೈಚಕ್ರವನ್ನು ಎಷ್ಟು ಸುತ್ತು ತಿರುಗಿಸುತ್ತಿದ್ದನು, ಮಳೆಯಲ್ಲಿ ದೀಪ ಆರಿದರೆ ಏನು ಮಾಡುತ್ತಿದ್ದನು ಎಂಬುದು ಯಾವ ನಿಯಮಪುಸ್ತಕದಲ್ಲಿಯೂ ಸಿಕ್ಕಲಾರದು. ಡಬ್ಬಿಯೊಂದನ್ನು ತಂದು ಊರ ನಡುವೆ ನಿಲ್ಲಿಸಿದರೆ ಮಕ್ಕಳು ಹತ್ತಿ ಆಡುವರು, ಅದೂ ಒಳ್ಳೆಯದೇ. ಆದರೆ ಅದರೊಳಗೆ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತವನು ಏನನ್ನು ಕಾಯುತ್ತಿದ್ದನೆಂಬುದನ್ನು ಆ ಮಕ್ಕಳಿಗೆ ಹೇಳುವ ಭಾರವು ಜಿಲ್ಲೆಯ ಅಕ್ಷರಸ್ಥರ ಮೇಲೆಯೇ ಇದೆ.